ತಿಪ್ಪಮ್ಮನ ತಪಾಸಣೆ

ತಿಪ್ಪಮ್ಮ ನಮ್ಮ ಮನೆಗೆ ಬಂದಾಗಲೆಲ್ಲ ಹೊಸ್ತಿಲ ಆಚೆಯೇ ನಿಂತು ಎರಡೂ ಅಂಗೈ ತೋರಿಸುತ್ತಿದ್ದರು. ಆಮೇಲೆ ಸೆರಗು ಕೊಡವಿ, ಕೈಚೀಲದ ಬಾಯಿ ತೆರೆದು ನನ್ನ ಮೂಗಿನ ಹತ್ತಿರ ಹಿಡಿಯುತ್ತಿದ್ದರು. ಅದರೊಳಗೆ ಕನ್ನಡಕದ ಡಬ್ಬಿ, ಬಿ.ಪಿ. ಮಾತ್ರೆ, ಅರ್ಧ ತಿಂದ ಕಡಲೆಮಿಠಾಯಿ. "ನೋಡಿಕೊಂಡ್ಯಾ ಅವ್ವ? ಏನೂ ತಂದಿಲ್ಲ. ಇನ್ನ ಒಳಗೆ ಬರ್ತೀನಿ." ಯಾರ ಮನೆ ಶೋಧಿಸಲು ಹೋದರೂ ಪೊಲೀಸರು ಮೊದಲು ತಮ್ಮನ್ನು ತೋರಿಸಿಕೊಳ್ಳಬೇಕಂತೆ; ತಾವೇ ತಂದಿಟ್ಟು 'ಸಿಕ್ಕಿತು' ಅನ್ನಬಾರದಲ್ಲ. ನಿವೃತ್ತಿಯಾಗಿ ಎಷ್ಟೋ ವರ್ಷವಾಗಿದ್ದರೂ ಒಂದು ಲೋಟ ಕಾಫಿ ಕುಡಿಯುವುದಕ್ಕೆ ಇಷ್ಟೆಲ್ಲ ವಿಧಿ ನಡೆಯಲೇಬೇಕು.

ತುಮಕೂರಿನಿಂದ ಬ್ಯಾಂಕಿನ ವಿಜಯವಾಡದ ಶಾಖೆಗೆ ವರ್ಗವಾಗಿ ಬಂದ ನಾನು ಭವಾನಿಪುರಂನಲ್ಲಿ ಒಬ್ಬಳೇ ಮನೆ ಮಾಡಿದ್ದೆ. ಎದುರು ಬಾಗಿಲು ತಿಪ್ಪಮ್ಮನದು. ರಾಯದುರ್ಗದ ಕಡೆಯವರು, ಮನೆಮಾತು ಕನ್ನಡ. ರೈಲ್ವೆಯ ಗಂಡನ ಜೊತೆ ವಿಶಾಖಪಟ್ಟಣಕ್ಕೆ ಹೋಗಿ, ಅಲ್ಲಿ ಕಾನ್‌ಸ್ಟೇಬಲ್ ಆಗಿ ಸೇರಿ, ಕೊನೆಗೆ ಸಬ್ ಇನ್‌ಸ್ಪೆಕ್ಟರ್ ಆಗಿ ಇಲ್ಲಿ ನಿವೃತ್ತರಾದವರು. ನನ್ನ ಒಗ್ಗರಣೆಯ ವಾಸನೆಯಿಂದಲೇ ನಾನು ಕನ್ನಡದವಳೆಂದು ಪತ್ತೆ ಹಚ್ಚಿದೆ ಎಂದು ಬೀಗುತ್ತಿದ್ದರು. ವಾಚ್‌ಮನ್ ಹೇಳಿದ್ದ ಎಂಬುದು ನನಗೆ ಆಮೇಲೆ ಗೊತ್ತಾಯಿತು.

ಅವರು ಸೇರಿದಾಗ ಆ ಠಾಣೆಗೆಲ್ಲ ಅವರೊಬ್ಬರೇ ಹೆಂಗಸು. ಕೊಟ್ಟ ಖಾಕಿ ಪ್ಯಾಂಟಿನೊಳಗೆ ಇನ್ನೊಬ್ಬ ತಿಪ್ಪಮ್ಮ ಹಿಡಿಯುತ್ತಿದ್ದಳಂತೆ. ದರ್ಜಿಗೆ ಹೆಂಗಸಿನ ಪ್ಯಾಂಟಿನ ಅಳತೆ ತೆಗೆಯಲು ನಾಚಿಕೆ; ಇವರೇ ಟೇಪು ಹಿಡಿದು ಅಳೆದು ಅಂಕಿ ಕೂಗಿದರಂತೆ. "ಕಳ್ಳರನ್ನ ಹುಡುಕಾದು ಕಷ್ಟ ಆಗ್ಲಿಲ್ಲವ್ವ, ಬಾತ್‌ರೂಮ್ ಹುಡುಕಾದೇ ಕಷ್ಟ ಆಗಿತ್ತು. ಬೀಚ್ ರೋಡಲ್ಲಿ ಬಂದೋಬಸ್ತ್ ಅಂದ್ರೆ ಹಿಂದಿನ ದಿನದಿಂದ್ಲೇ ನೀರು ಕುಡೀತಿರಲಿಲ್ಲ ನಾನು." ಅವರು ನಗುತ್ತಲೇ ಹೇಳುತ್ತಿದ್ದರು. ನನ್ನ ನಗು ಮಾತ್ರ ಅರ್ಧಕ್ಕೇ ನಿಲ್ಲುತ್ತಿತ್ತು.

ಮನುಷ್ಯರನ್ನು ವರ್ಣಿಸುವುದಕ್ಕೆ ಅವರಿಗೆ ಠಾಣೆಯ ಭಾಷೆಯೊಂದೇ ಗೊತ್ತಿತ್ತು. ಸ್ವಂತ ಅಳಿಯನ ಬಗ್ಗೆ ಕೇಳಿದರೆ, "ಐದಡಿ ಆರಂಗುಲ, ಗೋಧಿ ಬಣ್ಣ, ಎಡ ಹುಬ್ಬಿನ ಮೇಲೆ ಗಾಯದ ಗುರುತು, ಆಸಾಮಿ ಸೋಮಾರಿ" ಎನ್ನುತ್ತಿದ್ದರು. ಗವರ್ನರ್‌ಪೇಟೆಯಲ್ಲಿ ರಸ್ತೆ ದಾಟುವಾಗ ಅತ್ತಿತ್ತ ನೋಡುವವರೇ ಅಲ್ಲ. ಕೈ ಎತ್ತಿ ನಡೆದುಬಿಡುವುದು. ಆಟೊಗಳು ಕಿರುಗುಟ್ಟಿ ನಿಲ್ಲುತ್ತಿದ್ದವು, ಚಾಲಕರು ಬೈಯುತ್ತಿದ್ದರು. "ನಿಂತ್ರಲ್ಲ, ಅಷ್ಟೇ ಬೇಕಾಗಿದ್ದು" ಎಂದು ಇವರು ಮುಂದೆ ಹೋಗುತ್ತಿದ್ದರು. ಹಿಂದೆ ಜೀವ ಕೈಯಲ್ಲಿ ಹಿಡಿದುಕೊಂಡು ನಾನು.

ಒಂದು ಶನಿವಾರ ನನ್ನ ಕೊರಳ ಸರ ಕಾಣೆಯಾಯಿತು. ಅಮ್ಮ ಕೊಟ್ಟಿದ್ದ ಎರಡೆಳೆ ಸರ. ಬೀರು, ದಿಂಬು, ಅಕ್ಕಿ ಡಬ್ಬಿ ಎಲ್ಲ ಹುಡುಕಿದ ಮೇಲೆ ನನ್ನ ಅನುಮಾನ ಹೋಗಿ ನಿಂತದ್ದು ಕೆಲಸದ ನಾಗಮಣಿಯ ಮೇಲೆ. ಸುಮ್ಮನಿರಲಾರದೆ, ಅವಳು ಕೆಲಸ ಮಾಡುತ್ತಿದ್ದ ಮೂರನೇ ಮಹಡಿಯ ಸರೋಜಿನಿಯವರಿಗೂ ಮೆಟ್ಟಿಲಲ್ಲಿ ಸಿಕ್ಕಾಗ ಹೇಳಿಬಿಟ್ಟೆ. ಆಮೇಲೆ ತಿಪ್ಪಮ್ಮನ ಹತ್ತಿರ ಹೋಗಿ, ಸರೋಜಿನಿಯವರಿಗೆ ಹೇಳಿದ್ದನ್ನೂ ಸೇರಿಸಿ ಎಲ್ಲ ತಿಳಿಸಿ, "ಅಮ್ಮ, ಸ್ವಲ್ಪ ನಿಮ್ಮ ರೀತಿಯಲ್ಲಿ ಗದರಿಸಿ ಕೇಳಿ" ಎಂದೆ.

ಮರುದಿನ ಅವರು ಬಂದರು. ಆದರೆ ಅಂಗೈ ತೋರಿಸಿದ್ದು ನನಗಲ್ಲ, ಪೊರಕೆ ಹಿಡಿದು ನಿಂತಿದ್ದ ನಾಗಮಣಿಗೆ. ಸೆರಗು ಕೊಡವಿದರು, ಚೀಲ ತೋರಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಈಗ ನಿನ್ನ ಹ್ಯಾಂಡ್‌ಬ್ಯಾಗ್ ತಗೊಂಬಾ" ಎಂದರು.

"ನನ್ನದಾ? ಕಳೆದುಕೊಂಡವಳು ನಾನು."

"ಕಂಪ್ಲೇಂಟ್ ಕೊಟ್ಟೋರದೇ ಮೊದಲು. ಇದು ನನ್ನ ರೂಲು."

ಮಂಚದ ಮೇಲೆ ಬ್ಯಾಗ್ ಬೋರಲು ಹಾಕಿ, ಒಳಗಿನ ಜಿಪ್ಪುಗಳನ್ನೆಲ್ಲ ಎಳೆದರು. ಒಂದು ಜಿಪ್ಪಿನಿಂದ ಕಂದು ಬಣ್ಣದ ಕವರ್ ಹೊರಬಂತು. ನಾಲ್ಕು ಮಡಿಕೆ, ಎರಡು ಸ್ಟೇಪಲ್ ಪಿನ್ನು, ಅಂಟಿಸಿದ ಬಾಯಿಯ ಮೇಲೆ ಅಡ್ಡಲಾಗಿ ಸಹಿ. ನನ್ನದೇ ಸಹಿ. ಹಿಂದಿನ ವಾರ ಸ್ಕ್ಯಾನಿಂಗ್‌ಗೆ ಹೋದಾಗ ಒಡವೆ ತೆಗೆಯಿರಿ ಎಂದಿದ್ದರು. ಬ್ಯಾಂಕಿನಲ್ಲಿ ದಿನವಿಡೀ ಅಡವಿನ ಚಿನ್ನವನ್ನು ಕವರಿಗೆ ಹಾಕಿ ಸಹಿ ಮಾಡುವ ಕೈ, ನನಗೂ ಹೇಳದೆ ಅದೇ ಕೆಲಸ ಮಾಡಿ ಮುಗಿಸಿತ್ತು.

"ಸಹಿ ಗುರುತು ಸಿಕ್ತಾ ಮೇಡಂ?" ಎಂದು ತಿಪ್ಪಮ್ಮ ಹೊಟ್ಟೆ ಹಿಡಿದು ನಕ್ಕರು. ನಾಗಮಣಿ ನಗಲಿಲ್ಲ. ಅವಳನ್ನು ನೋಡಿ ತಿಪ್ಪಮ್ಮನೂ ನಗು ನಿಲ್ಲಿಸಿದರು.

"ವೈಜಾಗಲ್ಲಿ ಹೆಂಗಸರ ತಪಾಸಣೆ ಇದ್ರೆ ಯಾವ ಸ್ಟೇಷನ್ ಆದ್ರೂ ಜೀಪು ಕಳಿಸಿ ನನ್ನ ಕರಿಸ್ತಿದ್ರು. ಒಂದ್ಸಲ ಮೀನು ಮಾರೋ ಹೆಂಗಸು. ಅಂಗಡಿಯೋನ ಉಂಗುರ ಕದ್ದಾಳ ಅಂತ. ಮೈಯೆಲ್ಲ ತಡಕಿದೆ, ಏನೂ ಇರಲಿಲ್ಲ. ಉಂಗುರ ಅವನ ಗಲ್ಲಾದಾಗೇ ಸಿಗ್ತು. ಎಲ್ಲರೂ ಎದ್ದು ಹೋದ್ರು. ಯಾರೂ ಅವಳಿಗೆ ಒಂದು ಮಾತು ಹೇಳ್ಲಿಲ್ಲ. ನಾನೂ ಹೇಳ್ಲಿಲ್ಲ. ಮಾರನೇ ದಿನ ಮೀನು ಮಾರ್ಕೆಟ್ಟೆಲ್ಲ ಸುತ್ತಿದೆ, ಅವಳು ಸಿಗ್ಲೇ ಇಲ್ಲ. ಸಿಗದೇ ಇರೋ ಮಾಲು ನನ್ನ ಸರ್ವೀಸಲ್ಲಿ ಅದೊಂದೇ." ಕವರನ್ನು ನನ್ನ ಕೈಗೆ ಕೊಟ್ಟು, "ನೀನು ಇವಳಿಗೆ ಇಲ್ಲೇ ಹೇಳು. ಮೇಲಕ್ಕೂ ಹೋಗಿ ಹೇಳು. ಬಾಯಿ ಬಿಟ್ಟಿದ್ದು ಎರಡು ಕಡೆ ಅಲ್ವಾ?" ಎಂದರು.

ನನ್ನ ಹರಕು ತೆಲುಗಿನಲ್ಲಿ ನಾಗಮಣಿಯ ಕ್ಷಮೆ ಕೇಳಿದೆ. ಅವಳು ತಲೆಯಾಡಿಸಿ ಕಸ ಗುಡಿಸಲು ಹೋದಳು.

ಮೂರನೇ ಮಹಡಿಗೆ ಮಾತ್ರ ಹೋಗಲಾಗಲಿಲ್ಲ. ಮೊದಲು ಆಡಿಟ್ ಇತ್ತು, ಆಮೇಲೆ ಜ್ವರ ಬಂತು, ಆಮೇಲೆ ನಾಚಿಕೆಯೊಂದೇ ಉಳಿಯಿತು. "ಮೇಲೆ ಹೋಗಿ ಬಂದ್ಯಾ?" ಎಂದು ತಿಪ್ಪಮ್ಮ ಕೇಳಿದಾಗ, "ಅವತ್ತೇ ಹೋಗಿ ಬಂದೆನಲ್ಲ" ಎಂದೆ. ಅವರು ನನ್ನ ಮುಖ ನೋಡಿದರು. "ಸರಿ" ಎಂದು ಕಾಫಿ ಕುಡಿದರು. ನಾಗಮಣಿ ಮೇಲಿನ ಮನೆಗೆ ಕೆಲಸಕ್ಕೆ ಹೋಗುತ್ತಲೇ ಇದ್ದಳು; ಹಾಗಾದರೆ ಏನೂ ಆಗಿಲ್ಲ ಎಂದುಕೊಂಡೆ. ಪೊಲೀಸರಿಗೇ ಸುಳ್ಳು ಹೇಳಿ ದಕ್ಕಿಸಿಕೊಂಡೆ ಎಂದು ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಗಿತ್ತು.

ಚಳಿಗಾಲದಲ್ಲಿ ತಿಪ್ಪಮ್ಮ ವಿಶಾಖಪಟ್ಟಣದ ಮಗಳ ಮನೆಗೆ ಹೋದರು. ಎರಡು ತಿಂಗಳಿಗೆ ಅಳಿಯನ ಫೋನು ಬಂತು. ನಿದ್ದೆಯಲ್ಲೇ ಹೋದರಂತೆ. ಸುದ್ದಿ ಹೇಳಿದಾಗ ನಾಗಮಣಿ ಅಡುಗೆಮನೆಯ ನೆಲದ ಮೇಲೆ ಕುಳಿತು ಅತ್ತಳು. ಅಳುತ್ತ ಹೇಳಿದ ತೆಲುಗಿನಲ್ಲಿ ನನಗೆ ಅರ್ಥವಾದದ್ದು ಇಷ್ಟು: ಸರದ ಗಲಾಟೆಯಾದ ವಾರವೇ ಸರೋಜಿನಿಯವರು ಅವಳನ್ನು ಕೆಲಸದಿಂದ ಬಿಡಿಸಿದ್ದರು. ಅದು ಗೊತ್ತಾದ ದಿನವೇ ತಿಪ್ಪಮ್ಮ ಮಂಡಿನೋವಿನಲ್ಲೇ ಮೂರು ಮಹಡಿ ಹತ್ತಿ, ಆ ಅನುಮಾನ ಹುಟ್ಟಿದ್ದೇ ತಮಗೆ, ಬ್ಯಾಂಕಿನ ಹುಡುಗಿಯ ತಲೆಯಲ್ಲಿ ತುಂಬಿದವರೂ ತಾವೇ, ತಪ್ಪಾಯಿತು ಎಂದು ಕೈಮುಗಿದಿದ್ದರು. ಮರುದಿನವೇ ಸರೋಜಿನಿಯವರು ಅವಳನ್ನು ಮತ್ತೆ ಕೆಲಸಕ್ಕೆ ಕರೆಸಿಕೊಂಡಿದ್ದರು. "ಅವರು ನಿಮಗೆ ಹೇಳಲಿಲ್ಲವಾ ಅಮ್ಮ?" ಎಂದು ನಾಗಮಣಿ ಕೇಳಿದಳು.

'ಹೋಗಿ ಬಂದೆ' ಎಂದ ನನ್ನ ಸುಳ್ಳನ್ನು ಅವರು ಆ ದಿನವೇ ಹಿಡಿದಿದ್ದರು. ಹಿಡಿದೂ ಬಿಟ್ಟಿದ್ದರು.

ಆ ಸಂಜೆ ಮೂರನೇ ಮಹಡಿಗೆ ಹೋದೆ. ಸರೋಜಿನಿಯವರು ಒಳಗೆ ಕರೆದು ಕುರ್ಚಿ ಎಳೆದರು. ತಿಪ್ಪಮ್ಮನ ಸುದ್ದಿ ಅವರಿಗೂ ತಲುಪಿತ್ತು. "ಒಳ್ಳೆಯ ಹೆಂಗಸು, ಪಾಪ. ಆದರೆ ಪೊಲೀಸರ ಬುದ್ಧಿ ನೋಡಿ, ಕೆಲಸದವಳ ಮೇಲೂ ಅನುಮಾನ" ಎಂದು ಅವರು ತೆಲುಗಿನಲ್ಲಿ ಹೇಳಿ ನಕ್ಕರು.

ನಾನು ಕೂರಲಿಲ್ಲ. "ಅವರು ನಿಮಗೆ ಸುಳ್ಳು ಹೇಳಿದರು" ಎಂದೆ. "ಅನುಮಾನಪಟ್ಟವಳು ನಾನು."