ಎರಡು ಸಿಲಿಂಡರ್ ಹೆಡ್ ಹುಡುಕಿ ಪಾವಗಡದವರೆಗೆ

ಮಾರ್ಚ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಏಳಕ್ಕೆ, ಬಾಡಿಗೆ ಲಗೇಜ್ ಆಟೋದಲ್ಲಿ ಮಧುಗಿರಿಯಿಂದ ಕೊರಟಗೆರೆಗೆ ಹೊರಟೆ. ಹಿಂದೆ ಗೋಣಿಚೀಲದಲ್ಲಿ ಸುತ್ತಿದ ಎರಡು ಸಿಲಿಂಡರ್ ಹೆಡ್‌ಗಳಿದ್ದವು. ನಮ್ಮಣ್ಣನ ಹಳೆಯ ಲಾರಿಯ ಎಂಜಿನ್ನಿನ ಮೇಲೆ ಕೂರುವ ಎರಕದ ಕಬ್ಬಿಣದ ದಪ್ಪ ಮುಚ್ಚಳಗಳು ಅವು. ಆರು ಸಿಲಿಂಡರಿಗೆ ಮೂರಕ್ಕೊಂದರಂತೆ ಎರಡು. ಎರಡೂ ಬಿರುಕು ಬಿಟ್ಟಿದ್ದವು. ಹಾಗೆ ಮಾಡಿದವನು ನಾನೇ.

ಅಣ್ಣ ಸಿದ್ದಣ್ಣ ಮೂವತ್ತು ವರ್ಷ ಆ ಲಾರಿ ಓಡಿಸಿದವನು. ದೀಪಾವಳಿಯ ಹೊತ್ತಿಗೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋದವು. ಅವನು ಆಸ್ಪತ್ರೆಯಲ್ಲಿದ್ದಾಗ, ಗಾಡಿ ನಿಂತಲ್ಲೇ ಹಾಳಾದೀತೆಂದು ನಾನು ಅದನ್ನು ಚಾಲೂ ಮಾಡಿ ಊರ ಹೊರಗಿನ ಬಂಕಿನವರೆಗೆ ಓಡಿಸಿದೆ. ಶಾಲೆಯ ಗುಮಾಸ್ತ ನಾನು. ಸ್ಟೇರಿಂಗ್ ಹಿಡಿಯಲು ಬರುತ್ತಿತ್ತು, ಎಂಜಿನ್ ಗೊತ್ತಿರಲಿಲ್ಲ. ರೇಡಿಯೇಟರಿನಲ್ಲಿ ನೀರಿದೆಯೇ ಎಂದು ನೋಡಲಿಲ್ಲ. ಹೊಗೆ ಎದ್ದಾಗ ಗಾಬರಿಯಾಗಿ, ಕಾದ ಎಂಜಿನ್ನಿಗೆ ಎರಡು ಬಿಂದಿಗೆ ತಣ್ಣೀರು ಸುರಿದೆ. ಒಳಗೆಲ್ಲೋ ಟಣ್ ಎಂದಿತು.

ಮನೆಗೆ ಬಂದ ಅಣ್ಣ ದಿನಾ ಬೆಳಿಗ್ಗೆ ಲಾರಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದ. ಎಡಗೈಯಲ್ಲಿ ಕೀ ತಿರುಗಿಸುವಂತೆ ಸನ್ನೆ ಮಾಡಿ ನನ್ನ ಮುಖ ನೋಡುತ್ತಿದ್ದ. "ಬ್ಯಾಟ್ರಿ ಹೋಗೈತಣ್ಣ" ಎನ್ನುತ್ತಿದ್ದೆ. ನಾಲ್ಕು ತಿಂಗಳು ಹಾಗೇ ಅಂದೆ. ಈಗ ಅತ್ತಿಗೆ ಅವನನ್ನು ಚಿಕಿತ್ಸೆಗೆಂದು ತುಮಕೂರಿಗೆ ಕರೆದೊಯ್ದಿದ್ದರು; ಬುಧವಾರ ಸಂಜೆ ಬರುವವರಿದ್ದರು. ಅವರು ಹೊರಟ ಮೇಲೆ ಊರಿನ ಮೆಕ್ಯಾನಿಕ್ಕನಿಂದ ಹೆಡ್ ಬಿಚ್ಚಿಸಿದ್ದೆ. ಅಷ್ಟರೊಳಗೆ ಬೇರೆ ಹೆಡ್ ಹುಡುಕಿ ಕೂರಿಸಿಬಿಟ್ಟರೆ ಯಾರಿಗೂ ತಿಳಿಯದು ಎಂಬುದು ನನ್ನ ಲೆಕ್ಕ.

ಕೊರಟಗೆರೆಯ ಲೇತ್ ಅಂಗಡಿಯ ರೇಣುಕಪ್ಪ ಹೆಡ್‌ಗಳಿಗೆ ಸೀಮೆಎಣ್ಣೆ ಸವರಿ, ಒರೆಸಿ, ಮೇಲೆ ಸುಣ್ಣದ ಪುಡಿ ಉದುರಿಸಿದ. ಸ್ವಲ್ಪ ಹೊತ್ತಿಗೆ ಬಿಳಿಯ ಮೇಲೆ ಕೂದಲೆಳೆಯಂಥ ಕಪ್ಪು ಗೆರೆಗಳು ಮೂಡಿದವು.

"ನೋಡಿ ಸಾ, ವಾಲ್ವಿಂದ ವಾಲ್ವಿಗೆ ಸೀಳ್ಬುಟ್ಟೈತೆ. ವೆಲ್ಡಿಂಗ್ ಮಾಡುದ್ರೂ ನಿಲ್ಲಾಕಿಲ್ಲ. ಯಾರು ಸಾ, ಕಾದಿರೋ ಎಂಜಿನ್ನಿಗೆ ನೀರು ಉಯ್ದೋರು?"

"ಡ್ರೈವರ್ರು" ಅಂದೆ.

ಆ ಲಾರಿಗೆ ಇದ್ದ ಡ್ರೈವರ್ ಒಬ್ಬನೇ. ರೇಣುಕಪ್ಪ ತಲೆಯಾಡಿಸಿ, ಶಿರಾದಲ್ಲಿ ವಿಚಾರಿಸಲು ಹೇಳಿ ಒಂದು ಗುಜರಿ ಅಂಗಡಿಯ ಗುರುತು ಕೊಟ್ಟ. ಮಧುಗಿರಿಗೆ ವಾಪಸ್ಸು ಬಂದು ಶಿರಾ ಬಸ್ಸು ಹಿಡಿದೆ. ನಲವತ್ತು ಕಿಲೋಮೀಟರಿನ ದಾರಿ ಉದ್ದಕ್ಕೂ ಆ ಒಂದು ಮಾತೇ ನೆನಪಾಗುತ್ತಿತ್ತು.

ಶಿರಾ ತಲುಪಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಕಡಲೆಕಾಯಿ ಮಂಡಿಗಳ ಧೂಳು ದಾಟಿ ಹೆದ್ದಾರಿ ಬದಿಯ ಗುಜರಿಗೆ ಹೋದೆ. ಮಾಲೀಕ ಕರೀಮ್ ಸಾಬರು ಊಟದ ಡಬ್ಬಿ ಮುಚ್ಚಿಟ್ಟು ಎದ್ದು ಬಂದರು. ಗೇರ್‌ಬಾಕ್ಸುಗಳ ರಾಶಿಯ ಹಿಂದಿನಿಂದ ಎಣ್ಣೆಮಣ್ಣು ಮೆತ್ತಿದ ಒಂದು ಹೆಡ್ಡನ್ನು ಎಳೆದು ತೋರಿಸಿದರು.

"ಏಕ್ ಹೀ ಹೈ ಭಾಯ್, ಒಂದೇ ಐತೆ. ಜೋಡಿ ಬೇಕಂದ್ರೆ ಪಾವಗಡ ಕಡೆ ಒಂದು ಹಳ್ಳೀಲಿ ಇದೇ ಗಾಡಿ ನಿಂತೈತೆ. ಡ್ರೈವರ್ ತೀರ್ಕೊಂಡು ಏಳೆಂಟು ವರ್ಸ ಆಯ್ತು. ನಾನೇ ಮೂರು ಸಲ ಹೋಗಿ ಕೇಳ್ದೆ. ಅವರ ಹೆಂಗಸು ಕೊಡಲ್ಲ. ನಿಮ್ಮ ನಸೀಬು ನೋಡಿ."

ಹೆಡ್ಡನ್ನು ಬಸ್ಸಿಗೆ ಹತ್ತಿಸಲು ಇಬ್ಬರು ಬೇಕಾಯಿತು. ಕಂಡಕ್ಟರ್ ಅದಕ್ಕೂ ಲಗೇಜ್ ಟಿಕೆಟ್ ಹರಿದ.

ಮಂಗಳವಾರ ಬೆಳಿಗ್ಗೆ ಪಾವಗಡದ ಬಸ್ಸು. ಎರಡು ಗಂಟೆಯ ಹಾದಿ. ಕೊನೆಕೊನೆಗೆ ಬರೀ ಬಂಡೆಗುಡ್ಡ, ಬಿಸಿಗಾಳಿ. ಪಕ್ಕದ ಸೀಟಿನವರ ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತಿತ್ತು. ಪಾವಗಡದಲ್ಲಿ ಮಂಡಕ್ಕಿ ಒಗ್ಗರಣೆ ತಿಂದು, ಆಟೋ ಹಿಡಿದು ಆ ಹಳ್ಳಿಗೆ ಹೋದೆ. ಬೇವಿನ ಮರದಡಿ ಲಾರಿ ನಿಂತಿತ್ತು. ಟೈರುಗಳು ನೆಲಕ್ಕಿಳಿದಿದ್ದವು, ಮುಂದಿನ ಗಾಜು ಮಾತ್ರ ಈಗಷ್ಟೇ ಒರೆಸಿದಂತಿತ್ತು.

ಮನೆಯೊಳಗಿಂದ ಐವತ್ತೈದರ ಆಸುಪಾಸಿನ ಹೆಂಗಸೊಬ್ಬರು ಬಂದರು. ನರಸಮ್ಮ ಅವರ ಹೆಸರು.

"ಎವುರಪ್ಪಾ, ಗುಜರೀವ್ರಾ? ಇದು ಮಾರಾಕಿಲ್ಲ, ಪೋ" ಎಂದರು.

"ಗುಜರಿಯೋನಲ್ಲ ಕಣಮ್ಮ. ನಮ್ಮಣ್ಣನ ಲಾರಿಗೆ ಒಂದು ಹೆಡ್ಡು ಬೇಕಿತ್ತು" ಎಂದು ಅಣ್ಣನ ಸ್ಥಿತಿ ಹೇಳಿದೆ. ಆಕೆ ಜಗಲಿ ತೋರಿಸಿ ನೀರು ಕೊಟ್ಟರು.

"ನಿಮ್ಮ ಹೆಡ್ಡು ಎಟ್ಲಾ ಹೋಯ್ತು?"

ಡ್ರೈವರ್ ಎಂಬ ಮಾತು ಮತ್ತೆ ಬಾಯಿಗೆ ಬಂತು. ಆ ಒರೆಸಿದ ಗಾಜಿನ ಎದುರು ಅದನ್ನು ಆಡಲಾಗಲಿಲ್ಲ. "ನಾನೇ ಒಡ್ದೆ. ನೀರಿಲ್ದೆ ಓಡ್ಸಿ, ಆಮೇಲೆ ತಣ್ಣೀರು ಉಯ್ದೆ."

"ನಿಮ್ಮಣ್ಣಂಗೆ ಹೇಳಿದ್ಯಾ?"

"ಇಲ್ಲ."

ಆಕೆ ಲಾರಿಯತ್ತ ನೋಡಿದರು. "ಮಾ ಆಯನ, ನನ್ ಗಂಡ, ಆಸ್ಪತ್ರೇಲಿದ್ದಾಗ ಡಾಕ್ಟ್ರು ಕೈಬಿಟ್ಬುಟ್ರು. ನಾನು ಹೇಳ್ಲಿಲ್ಲ. ವಾಸಿ ಆಗ್ತೈತೆ, ಮತ್ತೆ ಲೋಡಿಗೆ ಹೋಗಾನ ಅಂತಾನೇ ಅಂದೆ. ಆಯನಿಗೆ ತಿಳಿದೇ ಇತ್ತು. ಏನೇನು ಮಾತಾಡ್ಬೇಕಿತ್ತೋ ಎಲ್ಲಾ ಹಂಗೇ ಉಳ್ಕೊಂತು." ಎದ್ದು ನಿಂತರು. "ನೀನು ಹೋಗಿ ನಿಮ್ಮಣ್ಣಂಗೆ ನಿಜ ಹೇಳು. ಹೇಳ್ತೀಯಂದ್ರೆ ಹೆಡ್ಡು ಕೊಡ್ತೀನಿ."

"ಹೇಳ್ತೀನಿ" ಅಂದೆ.

ಒಳಗಿಂದ ಸ್ಪ್ಯಾನರುಗಳ ಚೀಲ ತಂದರು. ಮದುವೆಯಾದ ಮೇಲೆ ಹನ್ನೆರಡು ವರ್ಷ ಗಂಡನ ಜೊತೆ ಕ್ಲೀನರ್ ಆಗಿ ಓಡಾಡಿದ್ದರಂತೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾನೆಟ್ ಎತ್ತಿದರು. ತುಕ್ಕು ಹಿಡಿದ ಬೋಲ್ಟುಗಳಿಗೆ ಸೀಮೆಎಣ್ಣೆ ಬಿಟ್ಟು ಕಾದು, ಸ್ಪ್ಯಾನರಿಗೆ ಪೈಪು ತೊಡಿಸಿ ಇಬ್ಬರೂ ಎಳೆದೆವು. ಮೂರು ತಾಸು ಹಿಡಿಯಿತು. "ಮುಂದುಂದು ಬೇಡ, ಅದಕ್ಕೆ ಒಂದು ಸಲ ವೆಲ್ಡಿಂಗ್ ಆಗೈತೆ. ಹಿಂದುಂದು ತಗೋ" ಎಂದರು. ಹೆಡ್ ಎದ್ದು ಬಂದಾಗ, ತೆರೆದ ಮೂರು ಸಿಲಿಂಡರುಗಳ ಮೇಲೆ ಹಳೆಯ ಸೀರೆಯೊಂದನ್ನು ಮಡಚಿ ಹೊದಿಸಿ ಬಾನೆಟ್ ಮುಚ್ಚಿದರು. ಕಬ್ಬಿಣದ ಬೆಲೆಗಿಂತ ಹೆಚ್ಚು ತೆಗೆದುಕೊಳ್ಳಲು ಒಪ್ಪಲಿಲ್ಲ.

ಬುಧವಾರ ಹುಡುಕಿ ತಂದ ಎರಡೂ ಹೆಡ್‌ಗಳನ್ನು ಕೊರಟಗೆರೆಗೆ ಒಯ್ದೆ. ರೇಣುಕಪ್ಪ ಬಿರುಕಿಲ್ಲವೆಂದು ನೋಡಿಕೊಂಡು, ಅಡಿಮೈ ಉಜ್ಜಿ ಮಟ್ಟ ಮಾಡಿಕೊಟ್ಟ. ಹೊರಡುವಾಗ ಹೇಳಿದೆ: "ಅವತ್ತು ಡ್ರೈವರ್ ಅಂದೆನಲ್ಲ, ಅದು ಸುಳ್ಳು. ನೀರು ಉಯ್ದೋನು ನಾನು."

"ಹೋಗ್ಲಿ ಬುಡಿ ಸಾ" ಎಂದ. ಅಷ್ಟು ಸಲೀಸಾಗಿ ಅಣ್ಣನ ಮುಂದೆ ಮುಗಿಯಲಿಲ್ಲ.

ಸಂಜೆ ಅಣ್ಣ ಬಂದಾಗ ಬಾನೆಟ್ ತೆರೆದೇ ಇತ್ತು. ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಬ್ಯಾಟರಿಯ ಸುಳ್ಳನ್ನೂ, ಕೊರಟಗೆರೆಯಲ್ಲಿ ತಪ್ಪನ್ನು ಅವನ ಮೇಲೆ ಹಾಕಿದ್ದನ್ನೂ. ಅವನ ಕಣ್ಣುಗಳು ಕೆಂಪಾದವು. ತನ್ನ ಮೊಣಕಾಲ ಮೇಲೆ ನಾನಿಟ್ಟಿದ್ದ ಕೈಯನ್ನು ಎಡಗೈಯಿಂದ ತಳ್ಳಿ ಮುಖ ತಿರುಗಿಸಿದ. ರಾತ್ರಿ ಊಟ ಮಾಡಲಿಲ್ಲ. ಗುರುವಾರ ಇಡೀ ದಿನ ಹೊರಗೇ ಬರಲಿಲ್ಲ. "ಕೋಪ ಇಳೀಲಿ ಕಣಪ್ಪ" ಎಂದರು ಅತ್ತಿಗೆ.

ಶುಕ್ರವಾರ ಮೆಕ್ಯಾನಿಕ್ ಬಂದು ಎರಡೂ ಹೆಡ್ ಕೂರಿಸಿ ತುದಿಯ ಬೋಲ್ಟಿನಿಂದ ಬಿಗಿಯಲು ಹೊರಟ. ಹಿಂದಿನಿಂದ ಊರುಗೋಲು ನೆಲಕ್ಕೆ ಬಡಿದ ಸದ್ದಾಯಿತು. ಅಣ್ಣ ಬಾಗಿಲಲ್ಲಿ ನಿಂತಿದ್ದ. ಅತ್ತಿಗೆಯ ಭುಜ ಹಿಡಿದು ನಡೆದು ಬಂದು, ಮೆಕ್ಯಾನಿಕ್ಕನ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡು ನನ್ನ ಕೈಗೆ ಕೊಟ್ಟ. ಎಡಗೈಯ ತೋರುಬೆರಳನ್ನು ನಡುವಿನ ಬೋಲ್ಟಿನ ಮೇಲೆ ಇಟ್ಟ. ಬಿಗಿದೆ. ಬೆರಳು ಅದರ ಎಡಕ್ಕೆ ಹೋಯಿತು, ಆಮೇಲೆ ಬಲಕ್ಕೆ. ತುದಿಯಿಂದ ಬಿಗಿದರೆ ಹೆಡ್ ಸೊಟ್ಟಗಾದೀತೆಂದು, ಹೀಗೆ ನಡುವಿನಿಂದ ಹೊರಗೆ, ಒಂದೊಂದಾಗಿ ತೋರಿಸುತ್ತ ಹೋದ, ನಾನು ಬಿಗಿಯುತ್ತ ಹೋದೆ. ಕೊನೆಯದಕ್ಕೆ ನನ್ನ ಬಲ ಸಾಲಲಿಲ್ಲ. ಅಣ್ಣ ತನ್ನ ಎಡಗೈಯನ್ನು ನನ್ನ ಕೈ ಮೇಲಿಟ್ಟ, ಇಬ್ಬರೂ ಎಳೆದೆವು.