ಕೇಸರ ಕಿತ್ತ ಲಿಲ್ಲಿ

ನನ್ನ ನಾದಿನಿಯ ಕೈಯಿಂದ ಹೋದ ಹೂವು ಈ ಮೂವತ್ತೊಂದು ವರ್ಷದಲ್ಲಿ ಒಂದು ಇರುವೆಗೂ ಕೇಡು ಮಾಡಿದ್ದಿಲ್ಲ. ಈ ಮಾತನ್ನು ನಾನು ಯಾವ ಕಟಕಟೆಯಲ್ಲಿ ಬೇಕಾದರೂ ನಿಂತು ಹೇಳಲು ಸಿದ್ಧನಿದ್ದೆ. ಹೂವಿನ ಅಂಗಡಿ ಅವಳದು, ಹೊಗಳುವ ಗುತ್ತಿಗೆ ನನ್ನದು.

ಅವಳು ನನ್ನ ಹೆಂಡತಿಯ ತಂಗಿ. ಅಂಗಡಿ ಇರುವುದು ಬಸ್ ನಿಲ್ದಾಣದ ಎದುರು, ಔಷಧದಂಗಡಿಗೂ ಬೀಗದ ಕೈ ಮಾಡುವವನ ಗೂಡಿಗೂ ನಡುವೆ. ಅಗಲ ಎಷ್ಟೆಂದರೆ, ಸ್ವಲ್ಪ ಮೈಕೈ ತುಂಬಿಕೊಂಡ ಗಿರಾಕಿ ಒಳಗೆ ಬಂದರೆ ನಾದಿನಿ ಬೀದಿಗೆ ಹೋಗಿ ಅಲ್ಲಿಂದಲೇ ವ್ಯಾಪಾರ ಮಾಡಬೇಕು. ನೆಲ ವರ್ಷವಿಡೀ ಒದ್ದೆ. ಬಕೆಟ್ಟುಗಳ ನಡುವೆ ಒಂದು ಮರದ ಸ್ಟೂಲು, ಅದರ ಮೇಲೆ ಒಂದು ಕತ್ತರಿ, ಒಂದು ಉಂಡೆ ದಾರ, ಒಂದು ಹರಿದ ಟವೆಲ್ಲು. ಆಸ್ತಿ ಇಷ್ಟೇ.

ಬೆಳಗ್ಗೆ ಆರಕ್ಕೆ ಹೂವಿನ ಪೆಟ್ಟಿಗೆಗಳು ಬರುತ್ತವೆ. ಲಿಲ್ಲಿ ಬರುವುದು ಮೊಗ್ಗಾಗಿ. ಅದು ಬಾಯಿ ಬಿಡುವ ಹೊತ್ತಿಗೆ ಕಾದಿದ್ದು, ಒಳಗಿನ ಆರು ಕೇಸರದ ತುದಿಗಳನ್ನು ಪುಡಿ ಉದುರುವ ಮೊದಲೇ ಚಿವುಟಿ ತೆಗೆಯಬೇಕು. ತಡವಾದರೆ ಆ ಕಂದು ಪುಡಿ ಬಿಳಿ ದಳಕ್ಕೂ ಗಿರಾಕಿಯ ಅಂಗಿಗೂ ಮೆತ್ತಿಕೊಳ್ಳುತ್ತದೆ. ಅಂಗಿ ಹರಿದರೂ ಕಲೆ ಹೋಗುವುದಿಲ್ಲ. ನಾದಿನಿಯ ಎರಡು ಬೆರಳುಗಳಿಗೆ ಆ ಬಣ್ಣ ಕಾಯಂ ಆಗಿತ್ತು. ಜೇನುನೊಣಗಳು ಅವಳ ಹಿಂದೆಯೇ ಬಸ್ಸು ಹತ್ತಿ, ಟಿಕೆಟ್ಟಿಗೆ ಚಿಲ್ಲರೆ ಹುಡುಕಿದ್ದನ್ನು ಕಣ್ಣಾರೆ ಕಂಡವನು ನಾನು.

ಅವಳಿಗೆ ಕೆಲಸ ಕಲಿಸಿದ ಮುದುಕಿ ಒಂದು ಮಾತು ಹೇಳಿದ್ದಳಂತೆ: ಈ ಪುಡಿ ಬೆಕ್ಕಿಗೆ ವಿಷ. ಹೇಳಿದ್ದು ನಿಜ, ಆದರೆ ಅರ್ಧ. ಉಳಿದರ್ಧವನ್ನು ನಾದಿನಿ ತಾನೇ ತುಂಬಿಕೊಂಡಳು: ಪುಡಿ ತೆಗೆದರೆ ವಿಷ ಹೋಯಿತು. ಬೆಕ್ಕಿರುವ ಮನೆಯವರು ಬಂದರೆ ಬೋಳು ಹೂವನ್ನು ಎತ್ತಿ ತೋರಿಸುತ್ತಿದ್ದಳು. "ನೋಡಿ, ಹಲ್ಲು ಕಿತ್ತ ಹಾವು. ಧೈರ್ಯವಾಗಿ ತಗೊಂಡು ಹೋಗಿ."

ನಮ್ಮ ಮನೆಯ ಬೆಕ್ಕಿಗೆ ಇನ್‌ಸ್ಪೆಕ್ಟರ್ ಎಂದು ಹೆಸರು. ಯಾವ ಪಾತ್ರೆಯ ಮುಚ್ಚಳ ತೆಗೆದರೂ ತಪಾಸಣೆಗೆ ಹಾಜರಾಗುತ್ತಿತ್ತು. ನನ್ನ ಹೆಂಡತಿ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡು ಪ್ಲಾಸ್ಟರ್ ಹಾಕಿಸಿಕೊಂಡ ದಿನದಿಂದ ಅದು ಆ ಪ್ಲಾಸ್ಟರಿನ ಮೇಲೆಯೇ ಠಾಣೆ ಹೂಡಿತು. ಅದರ ಭಾರಕ್ಕೆ ಮಂಚದ ಕಾಲುಗಳು ನೆಲದೊಳಗೆ ಎರಡಂಗುಲ ಇಳಿದಿವೆ ಎಂದು ನಾನು ಹೇಳುತ್ತಿದ್ದೆ. "ಇಳೀಲಿ ಬಿಡಿ," ಅನ್ನುತ್ತಿದ್ದಳು ಅವಳು. "ದಿನವಿಡೀ ನನ್ನ ಹತ್ರ ಕೂತಿರೋದು ಅದೊಂದೇ. ನೀವು ಕಾಫಿ ಕೊಟ್ಟು ಓಡ್ತೀರ." ಒಂಬತ್ತು ವಾರ ಅವಳು ಕಂಡ ಜಗತ್ತೆಂದರೆ ಒಂದು ಕಿಟಕಿ, ಒಂದು ಗೋಡೆ, ಆ ಬೆಕ್ಕು.

ಒಂದು ಭಾನುವಾರ ನಾದಿನಿ ಐದು ಬಿಳಿ ಲಿಲ್ಲಿ ತಂದು, ಗಾಜಿನ ಹೂಜಿಯಲ್ಲಿ ನೀರು ತುಂಬಿ, ಮಂಚದ ಪಕ್ಕದ ಮೇಜಿನ ಮೇಲಿಟ್ಟಳು.

"ಬೆಕ್ಕಿದೆ ಕಣೇ," ಅಂದಳು ನನ್ನ ಹೆಂಡತಿ.

"ಕೇಸರ ಕಿತ್ತಿದ್ದೀನಿ ಅಕ್ಕ. ನನಗೇ ಹೂವಿನ ಪಾಠ ಹೇಳ್ತೀಯಾ?"

"ನಿನ್ನ ತಂಗಿ ಕಿತ್ತಿದ್ದಾಳೆ ಅಂದ್ಮೇಲೆ ಮುಗೀತು," ಎಂದು ನಾನು ಮೊಹರು ಒತ್ತಿದೆ.

ಸಂಜೆ ಇನ್‌ಸ್ಪೆಕ್ಟರ್ ಮೇಜು ಹತ್ತಿ ಹೂಜಿಯ ನೀರು ಕುಡಿಯುತ್ತಿತ್ತು, ಕಣ್ಣು ಮುಚ್ಚಿಕೊಂಡು. ಅದರ ಬಟ್ಟಲು ಕೆಳಗೆ ತುಂಬಿಯೇ ಇತ್ತು. "ನೋಡೇ, ದೊಡ್ಡ ಮನುಷ್ಯರು. ಬರೀ ನೀರು ಸೇರಲ್ಲ, ಹೂವಿನ ನೀರೇ ಬೇಕು," ಎಂದು ನಾನು ನಕ್ಕೆ. ಹೆಂಡತಿಯೂ ನಕ್ಕಳು. ಓಡಿಸಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಸೋಮವಾರ ಬೆಳಗ್ಗೆ ಅದು ಎರಡು ಸಲ ವಾಂತಿ ಮಾಡಿ ಮಂಚದ ಕೆಳಗೆ ಸೇರಿಕೊಂಡಿತು. ಬುಟ್ಟಿಯಲ್ಲಿ ಹಾಕಿಕೊಂಡು ಪಶುವೈದ್ಯೆಯ ಹತ್ತಿರ ಹೋದೆ. ಅಲ್ಲಿ ಕಾಲು ಮುರಿದ ನಾಯಿಯೊಂದು ಊರಿಗೇ ಕೇಳುವಂತೆ ಅರಚುತ್ತಿತ್ತು.

"ಮನೇಲಿ ವಿಷದ್ದೇನಾದ್ರೂ ಇದೆಯಾ? ಇಲಿ ಪಾಷಾಣ, ಫಿನಾಯಿಲು, ಗಿಡ, ಹೂವು?" ಎಂದು ವೈದ್ಯೆ ಬರೆಯುತ್ತಲೇ ಕೇಳಿದಳು.

"ವಿಷದ್ದು ಯಾವುದೂ ಇಲ್ಲ ಡಾಕ್ಟ್ರೇ," ಅಂದೆ. ಸುಳ್ಳು ಹೇಳಿದೆನೆಂದು ನನಗೆ ಅನ್ನಿಸಲಿಲ್ಲ. ಹೂವು ಇತ್ತು, ಆದರೆ ನಾದಿನಿಯ ಹೂವು ವಿಷದ ಲೆಕ್ಕಕ್ಕೆ ಬರುತ್ತದೆಯೇ?

ವಾಂತಿಗೆ ಇಂಜೆಕ್ಷನ್ ಕೊಟ್ಟು, ನಾಳೆಯೂ ತಿನ್ನದಿದ್ದರೆ ಕರೆತನ್ನಿ ಅಂದಳು. ಸಂಜೆ ವಾಂತಿ ನಿಂತಿತು. ಗುಣವಾಯಿತೆಂದು ನಾನು ಬೀದಿಗೆಲ್ಲ ಸಾರಿದೆ.

ಸುದ್ದಿ ಕೇಳಿ ಮಂಗಳವಾರ ಬೆಳಗ್ಗೆ ನಾದಿನಿ ಬಂದಳು. ಮೊದಲು ಬಗ್ಗಿ ಮಂಚದ ಕೆಳಗೆ ನೋಡಿದಳು. ಮೂಲೆಯಲ್ಲಿದ್ದ ಬೆಕ್ಕಿನ ಮರಳಿನ ತಟ್ಟೆಗೆ ಬೆರಳಿಟ್ಟಳು. ಮರಳು ಒಣಗಿತ್ತು, ಬೆಕ್ಕು ಉಚ್ಚೆ ಹೊಯ್ದೇ ಇರಲಿಲ್ಲ. ಆಮೇಲೆ ಹೂಜಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೀರು ನೋಡಿದಳು.

"ಈ ನೀರು ಕುಡೀತಾ ಭಾವ?"

"ಭಾನುವಾರ ಸಂಜೇನೇ ಕುಡೀತು. ಕೇಸರ ಕಿತ್ತಿದ್ಯಲ್ಲ."

"ಡಾಕ್ಟ್ರಿಗೆ ಲಿಲ್ಲಿ ಇದೆ ಅಂದ್ರಾ?"

"ವಿಷದ್ದೇನೂ ಇಲ್ಲ ಅಂದೆ."

ಅವಳು ಹೂಜಿಯನ್ನು ಕೆಳಗಿಟ್ಟಳು. ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೂವು ಹೇಗೂ ಬಾಡುತ್ತಿತ್ತು, ಬೆಕ್ಕಿಗೆ ಏನೋ ಆಯಿತು ಅನ್ನುತ್ತಿದ್ದೆವು, ಮೂವತ್ತೊಂದು ವರ್ಷದ ಹೆಸರು ಹಾಗೆಯೇ ಉಳಿಯುತ್ತಿತ್ತು. ಅವಳು ಮಂಡಿಯೂರಿ, ತೋಳು ಚಾಚಿ, ಬೆಕ್ಕನ್ನು ಹೊರಗೆಳೆದು ಹೂವಿನ ಬುಟ್ಟಿಯಲ್ಲಿ ಮಲಗಿಸಿ ನಡೆದೇಬಿಟ್ಟಳು. ನಾನು ಚಪ್ಪಲಿ ಹುಡುಕಿ ಹಿಂದೆ ಓಡಿದೆ.

"ಲಿಲ್ಲಿ ಡಾಕ್ಟ್ರೇ," ಅಂದಳು, ಕುರ್ಚಿಯಲ್ಲಿ ಕೂರುವ ಮೊದಲೇ. "ನಾನೇ ಕೊಟ್ಟಿದ್ದು. ಕೇಸರ ಕಿತ್ತಿದ್ದೆ. ಭಾನುವಾರ ಸಂಜೆ ಹೂಜಿ ನೀರು ಕುಡಿದಿದೆ."

ವೈದ್ಯೆ ಪೆನ್ನು ಕೆಳಗಿಟ್ಟಳು. "ಕೇಸರ ಕಿತ್ರೆ ಏನಮ್ಮಾ? ದಳ, ಎಲೆ, ದಂಟು, ಅದು ನಿಂತ ನೀರು, ಎಲ್ಲಾನೂ ಬೆಕ್ಕಿನ ಕಿಡ್ನಿ ಹಾಳು ಮಾಡುತ್ತೆ. ಮನುಷ್ಯರಿಗಾದ್ರೆ ಹೊಟ್ಟೆ ಕೆಡಬಹುದು, ನಾಯಿ ವಾಂತಿ ಮಾಡ್ಕೊಂಡು ಸುಧಾರಿಸ್ಕೊಳ್ಳುತ್ತೆ. ಬೆಕ್ಕಿಗೆ ಹಾಗಲ್ಲ." ನನ್ನ ಕಡೆ ತಿರುಗಿದಳು. "ನಿನ್ನೆ ಬೆಳಗ್ಗೆ ಹೇಳಿದ್ದಿದ್ರೆ ಉಳಿಸಬಹುದಿತ್ತೇನೋ."

ಡ್ರಿಪ್ ಹಾಕಿದರು. ಎರಡು ದಿನ ನಾದಿನಿ ಅಂಗಡಿ ಮುಚ್ಚಿ ಆ ಆಸ್ಪತ್ರೆಯ ಬೆಂಚಿನ ಮೇಲೆ ಕೂತಳು. ಹನಿಗಳನ್ನು ನೋಡುತ್ತಿದ್ದಳು. ನಾನು ಒಂದೆರಡು ಜೋಕು ಹೇಳಿದೆ, ನನಗೇ ನಗು ಬರಲಿಲ್ಲ. ಗುರುವಾರ ಮಧ್ಯಾಹ್ನ ಇನ್‌ಸ್ಪೆಕ್ಟರ್ ಸತ್ತಿತು. ಹೂವಿನಿಂದ ನಾರೂ ಸ್ವರ್ಗಕ್ಕೆ ಹೋಯಿತಂತೆ. ನಮ್ಮ ಮನೆಯಿಂದ ಹೋದದ್ದು ಬೆಕ್ಕು.

ಹೆಂಡತಿಗೆ ನಾನು ಹೇಳುತ್ತೇನೆಂದೆ. ನಾದಿನಿ ಕೇಳಲಿಲ್ಲ. ಮಂಚದ ಪಕ್ಕ ನಿಂತು, "ಅಕ್ಕ, ನನ್ನ ಹೂವಿಂದಲೇ ಹೋಯ್ತು," ಅಂದಳು.

ಅವಳಕ್ಕ ಅಳಲಿಲ್ಲ, ಬೈಯಲಿಲ್ಲ. ಗೋಡೆ ನೋಡುತ್ತಾ, "ಅದಕ್ಕೇ ಕಾಲು ಹಗುರ ಆಗಿದೆ," ಅಂದಳು. ಆಮೇಲೆ, "ಹೂಜಿ ಚೆನ್ನಾಗಿ ತೊಳೆದಿಡು," ಅಂದಳು. ನಾದಿನಿ ಅಡುಗೆಮನೆಗೆ ಹೋಗಿ ತೊಳೆದಳು. ನಲ್ಲಿ ಅರ್ಧ ಗಂಟೆ ಹರಿಯಿತು. ನಾನು ವರಾಂಡದಲ್ಲಿ ಕೂತು ಆ ಸದ್ದು ಕೇಳಿದೆ. ತಪ್ಪು ಅವಳದೂ ಹೌದು, ನನ್ನದೂ ಹೌದು. ಒಪ್ಪಿಕೊಂಡವಳು ಅವಳೊಬ್ಬಳೇ.

ಮರುದಿನದಿಂದ ಅವಳು ನೆನಪಿದ್ದ ಗಿರಾಕಿಗಳಿಗೆಲ್ಲ ಫೋನು ಮಾಡತೊಡಗಿದಳು. "ಕೇಸರ ಕಿತ್ತ ಲಿಲ್ಲಿ ಬೆಕ್ಕಿಗೆ ಏನೂ ಮಾಡಲ್ಲ ಅಂದಿದ್ದೆ. ತಪ್ಪು ಹೇಳಿದ್ದೆ." ಬಹಳ ಜನ ನಕ್ಕು ಇಟ್ಟರು. ಬಟ್ಟೆ ಹೊಲಿಯುವ ಒಬ್ಬಾಕೆ ಮಾತ್ರ, "ನಮ್ಮದು ನಾಲ್ಕು ವರ್ಷದ ಹಿಂದೆ ಹೋಯ್ತು. ವಯಸ್ಸಾಗಿತ್ತು ಅಂದ್ಕೊಂಡ್ವಿ," ಅಂದಳು.

"ಎಷ್ಟು ವಯಸ್ಸು?"

"ಮೂರು."

ನಾದಿನಿ ಫೋನು ಇಟ್ಟು, ಮುಂದಿನ ನಂಬರು ಒತ್ತಿದಳು.

ಈಗ ಲಿಲ್ಲಿ ಕೇಳಿದವರಿಗೆಲ್ಲ ಅವಳ ಮೊದಲ ಪ್ರಶ್ನೆ, ಮನೇಲಿ ಬೆಕ್ಕಿದೆಯಾ? ಇದ್ದರೆ ಗುಲಾಬಿ. ಇಲ್ಲ ಎಂದರೆ ಅಂಗಿಯ ತೋಳಿನಲ್ಲಿ ಬೆಕ್ಕಿನ ರೋಮ ಅಂಟಿದೆಯೇ ಎಂದು ನೋಡುತ್ತಾಳೆ. ಒಬ್ಬನನ್ನು ತನಿಖೆ ಮಾಡಿ ಮಾಡಿ, ಅವನ ಅತ್ತೆಯ ಮನೆಯಲ್ಲಿ ಬೆಕ್ಕಿದೆಯೆಂದು ಬಾಯಿ ಬಿಡಿಸಿ, ಬರಿಗೈಯಲ್ಲಿ ಕಳಿಸಿದಳು. ಕೇಸರವನ್ನು ಈಗಲೂ ಕೀಳುತ್ತಾಳೆ, ಅಂಗಿಗಳ ಸಲುವಾಗಿ. ಮುಖದಲ್ಲಿ ಏನೂ ಇರುವುದಿಲ್ಲ. ಬೆರಳು ತಾವೇ ಓಡಾಡುತ್ತವೆ.

ಅವಳ ಬಗ್ಗೆ ನಾಲ್ಕು ಸಾಲು ಬರೆಯಬೇಕೆಂದು ಹೊರಟು, ಮೊನ್ನೆ ಅಂಗಡಿಯ ಸ್ಟೂಲಿನ ಮೇಲೆ ಕೂತು ಮೊದಲ ಸಾಲನ್ನು ಗಟ್ಟಿಯಾಗಿ ಓದಿದೆ: ನನ್ನ ನಾದಿನಿಯ ಕೈಯಿಂದ ಹೋದ ಹೂವು ಈ ಮೂವತ್ತೊಂದು ವರ್ಷದಲ್ಲಿ ಒಂದು ಇರುವೆಗೂ ಕೇಡು ಮಾಡಿದ್ದಿಲ್ಲ. ಹೇಗಿದೆ ಅಂದೆ.

ಅವಳು ತಲೆ ಎತ್ತಲಿಲ್ಲ. ಒಂದು ಲಿಲ್ಲಿಯ ಆರನೆಯ ಕೇಸರ ಚಿವುಟಿ ಟವೆಲ್ಲಿಗೆ ಬೆರಳು ಒರೆಸಿದಳು.

"ಚೆನ್ನಾಗಿದೆ ಭಾವ. ಇರುವೆಗಳೇನೋ ಒಪ್ಕೊಳ್ತವೆ. ಮೊದಲು ಬೆಕ್ಕಿಗೆ ಓದಿ ಹೇಳಿ ಬನ್ನಿ."