ಪದ್ಮಕ್ಕನ ಬೆಳಗಿನ ನಿದ್ದೆ

ಹಿಪ್ಪುನೇರಳೆ ಕಡ್ಡಿ ಮುರಿದಾಗ ಬರುವ ಹಸಿ ಹಾಲಿನ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನ್ನ ಮೈ ಬಿಗಿಯುತ್ತದೆ. ಮೇಲೂರಿನ ನಮ್ಮ ಮನೆಯಲ್ಲಿ ಸೊಪ್ಪು ರೇಷ್ಮೆಹುಳಕ್ಕೆ, ಸೊಪ್ಪು ಕಿತ್ತ ಬರಿಕಡ್ಡಿ ಅಕ್ಕನ ಬೆನ್ನಿಗೆ. ಬೆಳಗಿನ ಐದಕ್ಕೆ ಹುಳಕ್ಕೆ ಮೇವು ಹಾಕುವ ಸರದಿ ಪದ್ಮಕ್ಕನದು. ಅವಳಿಗೋ ಆ ಹೊತ್ತಿನಲ್ಲಿ ಕಣ್ಣೇ ಬಿಡಲಾಗುತ್ತಿರಲಿಲ್ಲ. ಅಪ್ಪ ಜಡೆ ಹಿಡಿದು ಎಳೆದು ಕೂರಿಸುತ್ತಿದ್ದರು, ತೊಟ್ಟಿಯ ತಣ್ಣೀರು ಮುಖಕ್ಕೆ ಎರಚುತ್ತಿದ್ದರು. ಅವಳು ಕೂತಲ್ಲೇ ತೂಕಡಿಸುತ್ತಿದ್ದಳು, ಏಟು ಬೀಳುತ್ತಿತ್ತು. ದೀಪ ಹಚ್ಚಿದ ಮೇಲೆಯೇ ಅವಳಿಗೆ ಜೀವ ಬರುತ್ತಿದ್ದುದು. ಪಾಠ, ಹಾಡು, ನಗು ಎಲ್ಲ ಆಗಲೇ. ಅಷ್ಟರಲ್ಲಿ ಅಪ್ಪ ಮತ್ತು ನಾನು ಗೊರಕೆ ಹೊಡೆಯುತ್ತಿದ್ದೆವು. ಕೋಳಿಗಿಂತ ಮೊದಲೇ ಏಳುವ ನಾನು ಅಪ್ಪನ ಮುದ್ದಿನ ಮಗಳು. ಅಕ್ಕನ ಮೇಲೆ ಚಾಡಿ ಹೇಳುವುದೇ ನನ್ನ ದಿನದ ಮೊದಲ ಕೆಲಸ.

ಒಂದು ಬೆಳಿಗ್ಗೆ ಅಕ್ಕ ಹುಳದ ಮನೆಯ ಬಾಗಿಲಿಗೊರಗಿ ನಿದ್ದೆ ಹೋಗಿದ್ದಳು. ಸೊಪ್ಪಿನ ಹೊರೆ ಬಿಚ್ಚಿರಲಿಲ್ಲ. ನಾನು ಓಡಿದೆ. "ಅಪ್ಪಾ, ಸೊಪ್ಪು ಹಾಕ್ದೆ ಮಲ್ಗವ್ಳೆ ನೋಡಪ್ಪ!"

"ಹುಳ ಹಸ್ಕೊಂಡ್ ಸಾಯ್ತಿದ್ರೆ ನಿಂಗೆ ನಿದ್ದೇನಾ?" ಅಪ್ಪ ಕಡ್ಡಿ ಮುರಿಯುವವರೆಗೂ ಹೊಡೆದರು. ಮುರಿದ ಮೇಲೆ ಒದ್ದರು. ಕೊನೆಗೆ ಕೈ ಬೀಸಿ ಕಿವಿಯ ಮೇಲೆ ಬಾರಿಸಿದರು. ಅವಳ ತಲೆ ಬಾಗಿಲ ಕಂಬಕ್ಕೆ ಬಡಿಯಿತು, ಕಿವಿಯಿಂದ ರಕ್ತ ಕುತ್ತಿಗೆಗೆ ಇಳಿಯಿತು. ಆಮೇಲೆ ಅಪ್ಪ ಒಳಗೆ ಹೋಗಿ ನೋಡಿದರು. ಹುಳ ಸಾಕುವ ತಟ್ಟೆಗಳೆಲ್ಲ ಖಾಲಿಯಾಗಿದ್ದವು. ಪೂರ್ತಿ ಬೆಳೆದು ಹಣ್ಣಾದ ಹುಳ ಮೇವು ಮುಟ್ಟುವುದಿಲ್ಲ. ತಡಮಾಡದೆ ಆರಿಸಿ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ಬೆಳೆಯೇ ಹಾಳು. ಹಿಂದಿನ ರಾತ್ರಿ ನಾವು ಮಲಗಿದ ಮೇಲೆ ಹುಳ ಹಣ್ಣಾದುದನ್ನು ಕಂಡವಳು ಅಕ್ಕ. ಒಂದೊಂದೇ ಹುಳ ಆರಿಸಿ, ಅಷ್ಟನ್ನೂ ಒಬ್ಬಳೇ ಚಂದ್ರಿಕೆಗೆ ಏರಿಸಿದ್ದಳು.

"ನನ್ನ ಎಬ್ಬಿಸ್ಬಾರ್ದಿತ್ತೇನಮ್ಮಾ?" ಅಪ್ಪ ಹೊರಗೆ ಬಂದು ಅವಳ ಮುಂದೆ ಕುಕ್ಕರಿಸಿದರು.

"ನಿಮ್ಗೆ ನಿದ್ದೆ ಬೇಕಲ್ಲಪ್ಪಾ" ಎಂದಳು ಅಕ್ಕ.

ಆ ಕಿವಿ ಮತ್ತೆ ಕೇಳಿಸಲಿಲ್ಲ. ಅಪ್ಪ ಹೊಡೆಯುವುದನ್ನು ಬಿಟ್ಟರು, ತಪ್ಪಾಯಿತು ಎನ್ನಲಿಲ್ಲ. ನಾನೂ ಎನ್ನಲಿಲ್ಲ, ಅದಕ್ಕೆ ನನಗೆ ನನ್ನ ಮೇಲೆ ಇಂದಿಗೂ ಅಸಹ್ಯ. ಬೆಳಗಿನ ಆ ನಿದ್ದೆ ಸೋಮಾರಿತನವಲ್ಲ, ಕೆಲವರ ಮೈಯೇ ಹಾಗೆ ಎಂದು ಈಗ ಎಲ್ಲರೂ ಹೇಳುತ್ತಾರೆ. ನಿಮ್ಮ ಮನೆಯಲ್ಲೂ ಹಾಗೆ ಏಟು ತಿಂದವರೊಬ್ಬರು ಇದ್ದಿರಬಹುದು. ಅಪ್ಪ ಇಲ್ಲ, ಹುಳದ ಮನೆ ಇದ್ದ ಜಾಗದಲ್ಲಿ ಯಾರದೋ ಕಾರು ನಿಲ್ಲುತ್ತದೆ. ಹೋದ ತಿಂಗಳು ಪದ್ಮಕ್ಕನೂ ಚಿಂತಾಮಣಿಯ ತನ್ನ ಮನೆಯಲ್ಲಿ ತೀರಿಕೊಂಡಳು. ಬೆಳಗಾಗುತ್ತಲೇ ನೆಂಟರು, "ಬಿಸ್ಲು ಏರ್ತದೆ, ಬೇಗ ಎತ್ತಣ" ಎಂದು ಆತುರಪಟ್ಟರು. ನಾನು ಅಡ್ಡ ನಿಂತೆ.

"ಇನ್ನೊಂದ್ ಸ್ವಲ್ಪ ಹೊತ್ತು ಮಲ್ಗಿರ್ಲಿ ಬಿಡ್ರಪ್ಪ" ಎಂದೆ.